ಮಳೆಗಾಲದ ವಾರಾಂತ್ಯ ಮತ್ತು ಸೈಕಲ್ ರೇಸ್: ಪದೇ ಪದೇ ಕೇಳುವ ಪ್ರಶ್ನೆಗಳು

ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ಹತ್ತು ಹನ್ನೆರಡು ವರ್ಷಗಳಿಂದ ಜುಲೈ ಎಂದರೆ ಮಳೆ, ಅಡಿಕೆಯ ಕೊಳೆ ಔಷಧಿ ಮತ್ತು ಟೂರ್ ಡಿ ಫ್ರಾನ್ಸ್ ಎಂಬ ಸೈಕಲ್ ರೇಸ್. ಮದುವೆ ಮನೆಯ ಪಂಕ್ತಿಯಲ್ಲಿ, ಸೊಸೈಟಿಯ ಜಗುಲಿಯಲ್ಲಿ, ಬೆಂಗಳೂರಿನ ನೆಂಟರ ಫೋನಿನಲ್ಲಿ, ಹಳೆಯ ಸ್ನೇಹಿತರ ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. ಏನೂ ಗೊತ್ತಿಲ್ಲದವರು ಮೊದಲಿನಿಂದ ಓದಿ. ಒಂದೆರಡು ವರ್ಷ ನೋಡಿದವರು ನೇರವಾಗಿ ಮೂರನೆಯ ಭಾಗಕ್ಕೆ ಹೋಗಬಹುದು.

## ಹೊಸದಾಗಿ ನೋಡುವವರಿಗೆ

ಐದು ಗಂಟೆ ಹೊತ್ತು ಯಾರೋ ಸೈಕಲ್ ತುಳಿಯುವುದನ್ನು ಕೂತು ನೋಡುವುದರಲ್ಲಿ ಏನಿದೆ?

ಅಷ್ಟು ಹೊತ್ತು ಕೂತೇ ನೋಡಬೇಕಾಗಿಲ್ಲ. ಈ ಆಟ ನನಗೆ ಹಿಡಿಸಿದ್ದೇ ಅದಕ್ಕೆ. ಕ್ರಿಕೆಟ್ಟಿನಲ್ಲಿ ಒಂದು ಎಸೆತ ಕಣ್ತಪ್ಪಿದರೆ ವಿಕೆಟ್ ಹೋಗಿರುತ್ತದೆ. ಸೈಕಲ್ ರೇಸ್ ಹಾಗಲ್ಲ, ಒಲೆಯ ಮೇಲಿನ ಹಂಡೆಯ ನೀರಿನಂತೆ ನಿಧಾನವಾಗಿ ಕಾಯುತ್ತದೆ. 200 ಕಿ.ಮೀ.ಯ ಒಂದು ದಿನದ ಓಟವೆಂದರೆ ಶಿವಮೊಗ್ಗದಿಂದ ಜೋಗಕ್ಕೆ ಹೋಗಿ ಮರಳಿ ಬಂದಷ್ಟು ದೂರ. ಆ ದಾರಿಯ ಮೊದಲ ಮುಕ್ಕಾಲು ಪಾಲು ಟಿವಿ ತನ್ನ ಪಾಡಿಗೆ ತಾನು ನಡೆಯುತ್ತಿರಲಿ. ನೀವು ಹಪ್ಪಳ ಸುಡಿ, ಬಟ್ಟೆ ಮಡಚಿ, ಮಳೆ ನೋಡಿ. ಆಗೀಗ ಕಣ್ಣು ಹಾಯಿಸಿದರೆ ಸಾಕು: ಯಾರು ಮುಂದಿದ್ದಾರೆ, ಎಷ್ಟು ನಿಮಿಷ ಮುಂದಿದ್ದಾರೆ, ಎಷ್ಟು ದೂರ ಉಳಿದಿದೆ.

ಇನ್ನೊಂದು ಆಕರ್ಷಣೆ ಊರು ನೋಡುವುದು. ಹೆಲಿಕಾಪ್ಟರಿನ ಕ್ಯಾಮೆರಾ ದ್ರಾಕ್ಷಿ ತೋಟ, ಸೂರ್ಯಕಾಂತಿ ಹೊಲ, ನದಿ, ಹಳೆಯ ಕೋಟೆ ಎಲ್ಲವನ್ನೂ ತೋರಿಸುತ್ತಾ ಹೋಗುತ್ತದೆ. ಅಲ್ಲಿನ ರೈತರು ಹುಲ್ಲಿನ ಕಂತೆಗಳನ್ನೂ ಟ್ರ್ಯಾಕ್ಟರುಗಳನ್ನೂ ಜೋಡಿಸಿ ಹೊಲದಲ್ಲೇ ದೊಡ್ಡ ಸೈಕಲ್ಲಿನ ಚಿತ್ರ ಮಾಡಿ ಆಕಾಶಕ್ಕೆ ತೋರಿಸುತ್ತಾರೆ. ಅದು ಪರದೆಯ ಮೇಲೆ ಬಂದಾಗ ನಮ್ಮ ಮನೆಯಲ್ಲಿ ಎಲ್ಲರಿಗೂ ಕೂಗು ಹೋಗುತ್ತದೆ.

ಯಾವ ರೇಸಿನಿಂದ ಶುರು ಮಾಡಲಿ?

ಟೂರ್ ಡಿ ಫ್ರಾನ್ಸ್‌ನಿಂದಲೇ ಶುರು ಮಾಡಿ. 1903ರಲ್ಲಿ ಹುಟ್ಟಿದ ರೇಸಿದು. ಈಗ 21 ಹಂತ (ದಿನಕ್ಕೊಂದು ಓಟ), ನಡುವೆ ಎರಡು ದಿನ ವಿಶ್ರಾಂತಿ, ಒಟ್ಟು 23 ದಿನಗಳಲ್ಲಿ ಸುಮಾರು 3,400 ಕಿ.ಮೀ. ಶನಿವಾರ ಶುರುವಾಗಿ ಭಾನುವಾರ ಮುಗಿಯುವುದರಿಂದ ನಾಲ್ಕು ವಾರಾಂತ್ಯಗಳು ಸಿಗುತ್ತವೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಆರಿದ್ರಾ ಅಥವಾ ಪುನರ್ವಸು ಮಳೆಯಲ್ಲಿ ಆರಂಭ, ಪುಷ್ಯದ ಹೊತ್ತಿಗೆ ಮುಕ್ತಾಯ. ಮನೆಯಿಂದ ಹೊರಗೆ ಕಾಲಿಡಲಾಗದ ದಿನಗಳಿಗೆ ಇದಕ್ಕಿಂತ ಒಳ್ಳೆಯ ಸಂಗಾತಿಯನ್ನು ನಾನು ಕಂಡಿಲ್ಲ.

ಮೂರು ವಾರ ಬೇಡ, ಒಂದೇ ಸಂಜೆ ಸಾಕು ಎನ್ನುವವರಿಗೆ ಏಪ್ರಿಲಿನ ಪ್ಯಾರಿಸ್–ರುಬೇ ಇದೆ. 1896ರಿಂದ ನಡೆಯುತ್ತಿರುವ ಈ ಭಾನುವಾರದ ರೇಸಿನ ಸುಮಾರು 260 ಕಿ.ಮೀ.ಯಲ್ಲಿ 55 ಕಿ.ಮೀ.ಯಷ್ಟು ಹಳೆಯ ಕಲ್ಲುಹಾಸಿನ ರಸ್ತೆ. ಸೈಕಲ್ಲೂ ಮೈಯೂ ಒಟ್ಟಿಗೆ ನಡುಗುತ್ತವೆ, ಗೆದ್ದವರಿಗೆ ಅದೇ ರಸ್ತೆಯ ಒಂದು ಕಲ್ಲನ್ನು ಬಹುಮಾನವಾಗಿ ಕೊಡುತ್ತಾರೆ. ಮಾರ್ಚಿನಲ್ಲಿ ಮಿಲಾನ್–ಸಾನ್ ರೆಮೊ ನಡೆಯುತ್ತದೆ. ಅದು ಸುಮಾರು 290 ಕಿ.ಮೀ., ಅಂದರೆ ಬೆಂಗಳೂರಿನಿಂದ ಶಿವಮೊಗ್ಗದವರೆಗೆ ಒಂದೇ ದಿನ. ಬಸ್ಸು ತೆಗೆದುಕೊಳ್ಳುವ ಆರು ಗಂಟೆ ಚಿಲ್ಲರೆ ಹೊತ್ತಿನಲ್ಲೇ ಅವರೂ ತಲುಪುತ್ತಾರೆ.

ಮೇ ತಿಂಗಳಲ್ಲಿ ಇಟಲಿಯ ಜಿರೊ ನಡೆಯುತ್ತದೆ. ಸ್ಪೇನಿನ ವುವೆಲ್ಟಾ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ, ಗೌರಿ ಗಣೇಶ ಹಬ್ಬದ ಆಸುಪಾಸಿಗೆ. ಭೂಮಿ ಹುಣ್ಣಿಮೆಯ ಹೊತ್ತಿಗೆ ಇಟಲಿಯ ಲೊಂಬಾರ್ದಿಯಾ ಬರುತ್ತದೆ. ಎಲೆ ಉದುರುವ ಕಾಲದ ರೇಸ್ ಎಂದು ಅದಕ್ಕೆ ಹೆಸರು.

ನಮ್ಮ ಗಡಿಯಾರದಲ್ಲಿ ಎಷ್ಟು ಗಂಟೆಗೆ ಬರುತ್ತದೆ?

ಬೇಸಿಗೆಯಲ್ಲಿ ಫ್ರಾನ್ಸ್ ನಮಗಿಂತ ಮೂರೂವರೆ ಗಂಟೆ ಹಿಂದೆ ಇರುತ್ತದೆ. ಟೂರ್‌ನ ಬಹುಪಾಲು ಹಂತಗಳು ನಮ್ಮ ಸಂಜೆ ನಾಲ್ಕೂವರೆಯ ಆಚೀಚೆ ಶುರುವಾಗಿ ರಾತ್ರಿ ಎಂಟೂವರೆಯಿಂದ ಒಂಬತ್ತರೊಳಗೆ ಮುಗಿಯುತ್ತವೆ. ನಿದ್ದೆಗೆಡಬೇಕಾಗಿಲ್ಲ. ಮಾರ್ಚ್ ಕೊನೆಯ ಭಾನುವಾರದವರೆಗೆ ಮಾತ್ರ ವ್ಯತ್ಯಾಸ ನಾಲ್ಕೂವರೆ ಗಂಟೆ, ಹಾಗಾಗಿ ಮಿಲಾನ್–ಸಾನ್ ರೆಮೊ ದಿನ ಊಟ ಮುಗಿಸಿಕೊಂಡೇ ಕೂರಿ.

ಎಲ್ಲಿ ನೋಡುವುದು? ನಮ್ಮ ಕಡೆ ಸಿಗ್ನಲ್ಲೇ ಇರುವುದಿಲ್ಲ.

ಪ್ರಸಾರದ ಹಕ್ಕು ವರ್ಷದಿಂದ ವರ್ಷಕ್ಕೆ ಕೈ ಬದಲಾಗುತ್ತದೆ. ಜೂನ್ ಕೊನೆಯಲ್ಲಿ ಒಮ್ಮೆ ವಿಚಾರಿಸಿಕೊಳ್ಳಿ. ಸಿಗ್ನಲ್ ತೆಳುವಾಗಿದ್ದರೆ ಟೂರ್‌ನ ಅಧಿಕೃತ ಜಾಲತಾಣದಲ್ಲಿ ನಿಮಿಷ ನಿಮಿಷಕ್ಕೆ ಬರಹದಲ್ಲಿ ಬರುವ ವರದಿ ಓದಿ. ಅದಕ್ಕೆ ಡೇಟಾ ತೀರಾ ಕಡಿಮೆ ಸಾಕು, ಅಂಗಳದ ಮೂಲೆಯಲ್ಲಿ ಬರುವ ಒಂದು ಕಡ್ಡಿ ಸಿಗ್ನಲ್ಲಿಗೂ ತೆರೆದುಕೊಳ್ಳುತ್ತದೆ. ದಿನದ ಮುಖ್ಯಾಂಶಗಳು ರಾತ್ರಿ ಯೂಟ್ಯೂಬಿನಲ್ಲಿ ಸಿಗುತ್ತವೆ. ಮೊದಲ ವರ್ಷ ನಾವು ಟೂರ್ ನೋಡಿದ್ದಕ್ಕಿಂತ ಓದಿದ್ದೇ ಹೆಚ್ಚು. ಅದರಿಂದ ನಷ್ಟವಾಗಲಿಲ್ಲ, ಹೆಸರುಗಳು ಚೆನ್ನಾಗಿ ಮನಸ್ಸಿನಲ್ಲಿ ಕೂತವು.

ಹಳದಿ, ಹಸಿರು, ಕೆಂಪು ಚುಕ್ಕೆ, ಬಿಳಿ... ಇಷ್ಟು ಬಗೆಯ ಅಂಗಿ ಯಾಕೆ?

ಒಂದೇ ರಸ್ತೆಯಲ್ಲಿ ಹಲವು ಸ್ಪರ್ಧೆಗಳು ಒಟ್ಟಿಗೆ ನಡೆಯುತ್ತವೆ. ಎಲ್ಲ ಹಂತಗಳ ಸಮಯ ಕೂಡಿಸಿದಾಗ ಅತಿ ಕಡಿಮೆ ಹೊತ್ತು ತೆಗೆದುಕೊಂಡವರಿಗೆ ಹಳದಿ. ಹಂತದ ಕೊನೆಯಲ್ಲೂ ದಾರಿಯ ನಡುವಿನ ಗೆರೆಗಳಲ್ಲೂ ಅಂಕ ಗಳಿಸುವವರಿಗೆ ಹಸಿರು. ಬೆಟ್ಟದ ನೆತ್ತಿಗಳಲ್ಲಿ ಅಂಕ ಕೂಡಿಸಿದವರಿಗೆ ಬಿಳಿಯ ಮೇಲೆ ಕೆಂಪು ಚುಕ್ಕೆ. ಎಳೆಯ ಸವಾರರಲ್ಲಿ ಮುಂದಿರುವವರಿಗೆ ಬಿಳಿ. ಹಳದಿ 1919ರಲ್ಲಿ ಬಂತು. ರೇಸ್ ನಡೆಸುತ್ತಿದ್ದ ಲೋಟೊ ಪತ್ರಿಕೆ ಹಳದಿ ಕಾಗದದ ಮೇಲೆ ಅಚ್ಚಾಗುತ್ತಿತ್ತು, ಬಣ್ಣ ಬಂದದ್ದು ಅಲ್ಲಿಂದ. ಇಟಲಿಯ ಜಿರೊದ ಗುಲಾಬಿ ಅಂಗಿಯೂ ಅಲ್ಲಿನ ಕ್ರೀಡಾಪತ್ರಿಕೆಯ ಗುಲಾಬಿ ಕಾಗದದ ಬಣ್ಣವೇ.

## ಮನೆಯೂ ರೇಸೂ ಒಟ್ಟಿಗೆ

ಇರುವುದೇ ಎರಡು ದಿನ ರಜೆ. ಮನೆ ಕೆಲಸ ಬಿಟ್ಟು ಟಿವಿ ಮುಂದೆ ಕೂತರೆ ಮನೆಯವರು ಸುಮ್ಮನಿರುತ್ತಾರೆಯೇ?

ಕೆಲಸ ಬಿಟ್ಟರೆ ಸುಮ್ಮನಿರುವುದಿಲ್ಲ, ಇರಲೂಬಾರದು. ನಮ್ಮ ಮನೆಯಲ್ಲಿ ಮೂರನೆಯ ವರ್ಷದ ಹೊತ್ತಿಗೆ ಒಂದು ಒಪ್ಪಂದ ತಾನಾಗಿ ಮೂಡಿತು: ಕೊನೆಯ 40 ಕಿ.ಮೀ. ಬರುವವರೆಗೆ ಯಾವ ಕೆಲಸಕ್ಕೂ ಇಲ್ಲ ಎನ್ನುವಂತಿಲ್ಲ, ಆ ಮೇಲೆ ಯಾರಿಗೂ ಕೆಲಸ ಹೇಳುವಂತಿಲ್ಲ. 40 ಕಿ.ಮೀ. ಎಂದರೆ ಸುಮಾರು ಒಂದು ಗಂಟೆ. ಅಷ್ಟನ್ನು ಯಾವ ಮನೆಯೂ ಕೊಡುತ್ತದೆ.

ಜುಲೈ ಶನಿವಾರವೊಂದು ಹೀಗೆ ಸಾಗುತ್ತದೆ. ಬೆಳಿಗ್ಗೆ ಮಳೆ ಹೊಳವಾದರೆ ತೋಟಕ್ಕೆ ಒಂದು ಸುತ್ತು, ಬಸಿಗಾಲುವೆಯಲ್ಲಿ ಸೋಗೆ ಸಿಕ್ಕಿಕೊಂಡಿದ್ದರೆ ಎಳೆದು ಹಾಕುವುದು. ಮಧ್ಯಾಹ್ನದ ಊಟ, ಕಂಬಳಿ ಹೊದ್ದು ಒಂದು ನಿದ್ದೆ. ನಾಲ್ಕೂವರೆಗೆ ಟಿವಿ ಹಾಕಿ ಧ್ವನಿ ಸಣ್ಣಗೆ ಇಡುತ್ತೇನೆ. ಹೆಂಡತಿ ಪತ್ರೊಡೆಗೆ ಕೆಸುವಿನ ಎಲೆಯ ನಾರು ತೆಗೆಯುತ್ತಾಳೆ, ನಾನು ಅಕ್ಕಿ ರುಬ್ಬುತ್ತೇನೆ. ಅಮ್ಮ ಹಲಸಿನ ಬೀಜ ಸುಲಿಯುತ್ತಾ ಪರದೆಯ ಮೂಲೆಯ ಅಂಕಿಯನ್ನು ಗಮನಿಸುತ್ತಾರೆ. ಆರೂವರೆಗೆ ದೇವರ ದೀಪ. ಏಳೂವರೆಗೆ ಊಟ ಮುಗಿಸುವುದು ಜುಲೈ ತಿಂಗಳಲ್ಲಿ ಮಾತ್ರ. ಎಂಟಕ್ಕೆ ಎಲ್ಲರೂ ಒಂದೇ ಕೋಣೆಯಲ್ಲಿ ಇರುತ್ತೇವೆ. ಬೇರೆ ತಿಂಗಳುಗಳಲ್ಲಿ ಆ ಹೊತ್ತಿಗೆ ಒಬ್ಬೊಬ್ಬರು ಒಂದೊಂದು ಮೂಲೆಯಲ್ಲಿರುತ್ತೇವೆ.

ಕೊನೆಯ ಅರ್ಧ ಗಂಟೆಯಲ್ಲಿ ಕರೆಂಟ್ ಹೋದರೆ ಏನು ಮಾಡುತ್ತೀರಿ?

2024ರ ಆಗಸ್ಟ್ 18, ಭಾನುವಾರ, ಮಹಿಳೆಯರ ಟೂರ್‌ನ ಕೊನೆಯ ಹಂತ. ಮುಕ್ತಾಯ ಆಲ್ಪ್ ದುಯೆಜ್ ಬೆಟ್ಟದ ಮೇಲೆ. ಪೋಲೆಂಡಿನ ಕಾಶಾ ನೆವ್ಯಾದೊಮಾ ಆ ದಿನದ ಆರಂಭದಲ್ಲಿ ಡಚ್ ಸವಾರ್ತಿ ಡೆಮಿ ವೊಲ್ಲರಿಂಗ್‌ಗಿಂತ 1 ನಿಮಿಷ 15 ಸೆಕೆಂಡ್ ಮುಂದಿದ್ದಳು. ಡೆಮಿ ಹಿಂದಿನ ಬೆಟ್ಟದಲ್ಲೇ ಅವಳನ್ನು ಬಿಟ್ಟು ಮುಂದೆ ಹೋಗಿದ್ದಳು. ಗೆರೆ ಮೊದಲು ದಾಟಿದವರಿಗೆ 10 ಸೆಕೆಂಡ್ ಬೋನಸ್ ಬೇರೆ ಇತ್ತು. ಸರಿಯಾಗಿ ಆಗ ಕರೆಂಟ್ ಹೋಯಿತು, ಇನ್ವರ್ಟರ್ ಅದಾಗಲೇ ಸೋತಿತ್ತು.

ಬೆಂಗಳೂರಿನಲ್ಲಿರುವ ಮಗಳಿಗೆ ಸ್ಥಿರ ದೂರವಾಣಿಯಿಂದ ಕರೆ ಮಾಡಿದೆ. ನಾನು ರಿಸೀವರನ್ನು ಸ್ವಲ್ಪ ದೂರ ಹಿಡಿದೆ, ಅಮ್ಮ, ಹೆಂಡತಿ ಇಬ್ಬರೂ ಕಿವಿ ಹತ್ತಿರ ತಂದರು. “ಅಪ್ಪಯ್ಯ, ಡೆಮಿ ಗೆರೆ ದಾಟಿದಳು. ಈಗ ಎಣಿಸುತ್ತೇನೆ” ಎಂದಳು ಮಗಳು. ಒಂದು, ಎರಡು, ಮೂರು. ಬೋನಸ್ ಕಳೆದರೆ ಕಾಶಾಳ ಕೈಯಲ್ಲಿದ್ದದ್ದು 65 ಸೆಕೆಂಡ್. ಅಮ್ಮ ಬೆರಳಿನ ಗೆಣ್ಣಿನ ಮೇಲೆ ಎಣಿಸುತ್ತಿದ್ದರು. ಐವತ್ತು ದಾಟಿದ ಮೇಲೆ ಯಾರೂ ಉಸಿರಾಡಿದ ನೆನಪಿಲ್ಲ. ಅರವತ್ತೊಂದು ಎನ್ನುವಾಗ ಮಗಳು ಕೂಗಿದಳು, ಕಾಶಾ ದಾಟಿದ್ದಳು. ಎಂಟು ಹಂತಗಳ ಆ ಟೂರ್ ಅನ್ನು ಅವಳು ಗೆದ್ದದ್ದು 4 ಸೆಕೆಂಡುಗಳಿಂದ. ದೃಶ್ಯವನ್ನು ನಾವು ಮರುದಿನ ನೋಡಿದೆವು. ನನ್ನ ನೆನಪಿನಲ್ಲಿ ಉಳಿದಿರುವುದು ಕತ್ತಲೆಯ ಆ ಎಣಿಕೆ.

ಆದ್ದರಿಂದ ಉತ್ತರ: ಬೇರೆ ಊರಿನಲ್ಲಿ ಒಬ್ಬರು ನೋಡುತ್ತಿರಲಿ, ಅವರ ನಂಬರ್ ಗೋಡೆಯ ಮೇಲೆ ಬರೆದಿರಲಿ.

ರೇಸ್ ನಡೆಯುವಾಗಲೇ ನೆಂಟರು ಬಂದುಬಿಟ್ಟರೆ?

ನೆಂಟರು ಮೊದಲು. ಆಸರಿಗೆ ಕೊಟ್ಟು, ಸುಟ್ಟ ಹಪ್ಪಳವೂ ಕಾಯಿಚೂರೂ ಮುಂದಿಟ್ಟು, ಧ್ವನಿ ಪೂರ್ತಿ ತೆಗೆದುಬಿಡಿ, ಚಿತ್ರ ಓಡುತ್ತಿರಲಿ. ಹತ್ತು ನಿಮಿಷದಲ್ಲಿ ಬಂದವರೇ ಕೇಳುತ್ತಾರೆ: “ಆ ಕೆಂಪು ಅಂಗಿಯವನು ಯಾಕೆ ಹಿಂದೆ ಬಿದ್ದ?” ಈ ಪಟ್ಟಿಯ ಅರ್ಧ ಪ್ರಶ್ನೆಗಳು ಹಾಗೆ ಹುಟ್ಟಿದವು.

ಸೈಕಲ್ ಮೇಲೆ ಕೂತೇ ತಿನ್ನುತ್ತಾರಲ್ಲ, ಏನದು?

ಮುಖ್ಯವಾಗಿ ಅನ್ನ. ತಂಡದ ಅಡುಗೆಯವರು ಅಂಟುವ ಅಕ್ಕಿಯನ್ನು ಮೆತ್ತಗೆ ಬೇಯಿಸಿ, ಸಿಹಿ ಸೇರಿಸಿ, ತಟ್ಟೆಯಲ್ಲಿ ಹರಡಿ ಆರಿಸಿ ಚೌಕವಾಗಿ ಕತ್ತರಿಸಿ ಹಾಳೆಯಲ್ಲಿ ಸುತ್ತಿಡುತ್ತಾರೆ. ಸವಾರರು ಬೆನ್ನಿನ ಜೇಬಿನಿಂದ ತೆಗೆದು ಒಂದೇ ಕೈಯಲ್ಲಿ ಬಿಡಿಸಿ ತಿನ್ನುತ್ತಾರೆ. ಹೆಸರು ಬೇರೆಯಾದರೂ ನೋಡಲು ನಮ್ಮ ಸಿಹಿ ಕಡುಬಿನ ತಮ್ಮನಂತಿದೆ. ಇದರ ಜೊತೆಗೆ ಸಕ್ಕರೆಯ ಜೆಲ್, ಪಾನೀಯ. ಗಂಟೆಗೆ 90 ಗ್ರಾಂ ಅಥವಾ ಅದಕ್ಕೂ ಹೆಚ್ಚು ಪಿಷ್ಟ, ಸಕ್ಕರೆ ಒಳಗೆ ಹೋಗಬೇಕು. ತಿನ್ನುವುದನ್ನು ಮರೆತವರು ಎಷ್ಟೇ ಬಲಶಾಲಿಗಳಾದರೂ ಕೊನೆಯ ಏರಿನಲ್ಲಿ ಎಣ್ಣೆ ಮುಗಿದ ದೀಪದಂತಾಗುತ್ತಾರೆ.

## ಓಟದ ಒಳಗುಟ್ಟು ತಿಳಿಯತೊಡಗಿದ ಮೇಲೆ

ನಾಲ್ಕೈದು ಜನ ಮುಂದೆ ಓಡಿಹೋಗುತ್ತಾರೆ, ಉಳಿದವರು ಸುಮ್ಮನೆ ಬಿಟ್ಟುಬಿಡುತ್ತಾರೆ. ಯಾಕೆ?

ಗಾಳಿಯ ಕಾರಣಕ್ಕೆ. ಸಮತಟ್ಟು ರಸ್ತೆಯಲ್ಲಿ ಸವಾರನ ಶಕ್ತಿಯ ಬಹುಪಾಲು ಗಾಳಿ ಸೀಳುವುದಕ್ಕೇ ಖರ್ಚು. ಮುಂದಿನವನ ಬೆನ್ನಿಗೆ ಒತ್ತಿ ಹೋದರೆ ಮೂರನೇ ಒಂದು ಪಾಲಿನಷ್ಟು ಶ್ರಮ ಉಳಿಯುತ್ತದೆ, ದೊಡ್ಡ ಗುಂಪಿನ ನಡುವೆ ಇದ್ದರೆ ಇನ್ನೂ ಹೆಚ್ಚು. ಆ ದೊಡ್ಡ ಗುಂಪಿಗೆ ಫ್ರೆಂಚರು ಪೆಲೊಟಾನ್ ಎನ್ನುತ್ತಾರೆ. ಮುಂದೆ ಹೋದ ನಾಲ್ವರು ಸರದಿಯ ಮೇಲೆ ಗಾಳಿಗೆ ಎದೆಯೊಡ್ಡಬೇಕು. ಹಿಂದಿರುವ ನೂರೈವತ್ತು ಮಂದಿಗೆ ಆ ಸರದಿ ಅಪರೂಪ. ಹಾಗಾಗಿ ಮನಸ್ಸು ಮಾಡಿದರೆ ಹಿಡಿಯುತ್ತೇವೆ ಎಂಬ ಧೈರ್ಯ ಅವರಿಗೆ ಇರುತ್ತದೆ.

ಮುಂದೆ ಹೋದವರ ನಡುವೆ ನಡೆಯುವುದು ನಮ್ಮ ಮುಯ್ಯಾಳು ಪದ್ಧತಿಯೇ. ಬೇರೆ ಬೇರೆ ತಂಡದವರು, ಆದರೆ ನಿನ್ನ ಸರದಿಗೆ ನೀನು, ನನ್ನ ಸರದಿಗೆ ನಾನು. ಯಾರಾದರೂ ಸರದಿ ತಪ್ಪಿಸಿ ಬೆನ್ನ ಹಿಂದೆಯೇ ಉಳಿದರೆ ಉಳಿದವರು ಕೈಬೀಸಿ ಜಗಳಕ್ಕೆ ನಿಲ್ಲುತ್ತಾರೆ. ಗೆರೆ ಕಾಣುವ ಹೊತ್ತಿಗೆ ಮುಯ್ಯಿ ಮುಗಿಯಿತು, ಆಮೇಲೆ ಅವರವರ ಕಾಲು ಅವರವರಿಗೆ.

ಹಿಡಿಯುತ್ತಾರೋ ಇಲ್ಲವೋ ಎಂದು ಊಹಿಸಲು ಒಂದು ಹಳೆಯ ಲೆಕ್ಕವಿದೆ. ಸವಾರನಾಗಿದ್ದು ಆಮೇಲೆ ವೀಕ್ಷಕ ವಿವರಣೆಗಾರನಾದ ರೊಬೇರ್ ಶಪಾತ್ ಹೆಸರಿನಲ್ಲಿ ಅದು ಪ್ರಸಿದ್ಧ: ಗುಂಪು ಪಟ್ಟುಹಿಡಿದರೆ 10 ಕಿ.ಮೀ.ಗೆ ಒಂದು ನಿಮಿಷ ಕಡಿಮೆ ಮಾಡಬಲ್ಲದು. 60 ಕಿ.ಮೀ. ಉಳಿದಿದ್ದು ಅಂತರ ನಾಲ್ಕೂವರೆ ನಿಮಿಷವಿದ್ದರೆ ಸಿಕ್ಕಿಬೀಳುತ್ತಾರೆ. 30 ಕಿ.ಮೀ. ಉಳಿದಾಗಲೂ ಅಷ್ಟೇ ಇದ್ದರೆ ದಾಟಿಕೊಳ್ಳುತ್ತಾರೆ. ಎಂಬತ್ತು ದಾಟಿದ ನಮ್ಮ ಅಮ್ಮ ಈ ಲೆಕ್ಕವನ್ನು ನನಗಿಂತ ಬೇಗ ಮಾಡುತ್ತಾರೆ. ಹಲಸಿನ ಬೀಜದ ಮೊರ ಪಕ್ಕಕ್ಕಿಟ್ಟು “ಇವರು ಸಿಗುವುದಿಲ್ಲ” ಎಂದರೆ ಮುಗಿಯಿತು, ನಾನು ಅಂದಿನ ವಿಜೇತನನ್ನು ಮುಂದಿನ ಗುಂಪಿನಲ್ಲೇ ಹುಡುಕುತ್ತೇನೆ.

ಗೆಲ್ಲುವುದು ಒಬ್ಬ. ಹಾಗಿದ್ದರೆ ಎಂಟು ಜನರ ತಂಡ ಯಾಕೆ?

ಆ ಒಬ್ಬನನ್ನು ಕೊನೆಯ ಬೆಟ್ಟದ ಬುಡದವರೆಗೆ ದಣಿಯದಂತೆ ಕರೆತರಲು. ಏಳು ಮಂದಿ ಅವನ ಮುಂದೆ ಗಾಳಿ ತಡೆಯುತ್ತಾರೆ, ಹಿಂದಿನ ಕಾರಿಗೆ ಹೋಗಿ ಅಂಗಿಯೊಳಗೆ ನೀರಿನ ಬಾಟಲಿ ತುಂಬಿಕೊಂಡು ಮತ್ತೆ ಮುಂದೆ ಬರುತ್ತಾರೆ, ಅವನ ಚಕ್ರ ಕೆಟ್ಟರೆ ತಮ್ಮದನ್ನು ಬಿಚ್ಚಿಕೊಡುತ್ತಾರೆ. ಕೆಲಸ ಮುಗಿದ ಮೇಲೆ ರಸ್ತೆಯ ಬದಿಗೆ ಸರಿದು ನಿಧಾನವಾಗಿ ಹತ್ತುತ್ತಾರೆ. ಅವರಿಗಿರುವ ಚಿಂತೆ ಒಂದೇ, ಆ ದಿನದ ಕಾಲಮಿತಿಯೊಳಗೆ ತಲುಪುವುದು, ಇಲ್ಲವಾದರೆ ಮರುದಿನ ಓಡುವಂತಿಲ್ಲ.

ನನ್ನ ಸಲಹೆ ಇಷ್ಟು: ಎರಡನೆಯ ವರ್ಷ ನೋಡುವಾಗ ಇಂಥ ಒಬ್ಬನನ್ನು ಆರಿಸಿಕೊಂಡು ಮೂರು ವಾರ ಅವನನ್ನೇ ಹಿಂಬಾಲಿಸಿ. ಫಲಿತಾಂಶದಲ್ಲಿ ಅವನ ಹೆಸರು ನೂರರ ಆಚೆ ಇರುತ್ತದೆ. ಅಡಿಕೆ ಕೊಯ್ಲಿನಲ್ಲಿ ಎಲ್ಲರ ಕಣ್ಣು ಮರದ ತುದಿಯ ಕೊನೆಗೌಡನ ಮೇಲೆ, ಆದರೆ ಕೆಳಗೆ ಹಗ್ಗ ಹಿಡಿದು ಗೊನೆ ನೆಲಕ್ಕೆ ಬಡಿಯದಂತೆ ಇಳಿಸಿಕೊಳ್ಳುವವನ ಕೈ ಪಳಗಿರದಿದ್ದರೆ ಆ ಕೊಯ್ಲು ಕೆಡುತ್ತದೆ. ಇಲ್ಲೂ ಹಾಗೆಯೇ.

ಆಲ್ಪ್ಸ್ ಏರು ನಮ್ಮ ಆಗುಂಬೆ ಘಾಟಿಗಿಂತ ಕಷ್ಟವೇ?

ಇಪ್ಪತ್ತರ ಹರೆಯದಲ್ಲಿ ಸೋಮೇಶ್ವರದಿಂದ ಆಗುಂಬೆಗೆ ಸೈಕಲ್ಲಿನಲ್ಲಿ ಹತ್ತಿದ್ದೇನೆ. ಅರ್ಧ ದಾರಿ ತುಳಿದು, ಅರ್ಧ ದಾರಿ ತಳ್ಳಿ. ಆ 14 ತಿರುವುಗಳು ಚೂಪಾಗಿವೆ, ಒಂದೊಂದೂ ತೊಡೆಗೆ ನೆನಪಿದೆ. ಆದರೆ ಆಗುಂಬೆ ಇರುವುದೇ ಸಮುದ್ರಮಟ್ಟದಿಂದ ಸುಮಾರು 640 ಮೀಟರ್ ಎತ್ತರದಲ್ಲಿ, ಘಾಟಿಯಲ್ಲಿ ಹತ್ತುವುದು ಅದಕ್ಕಿಂತಲೂ ಕಡಿಮೆ. ಆಲ್ಪ್ ದುಯೆಜ್‌ನಲ್ಲಿ 21 ತಿರುವು, 13.8 ಕಿ.ಮೀ. ದೂರ, ಬುಡದಿಂದ ತುದಿಗೆ 1,100 ಮೀಟರಿನಷ್ಟು ಏರು. ಸರಾಸರಿ ಏರು ಶೇಕಡ 8, ಅಂದರೆ ನೂರು ಮೀಟರ್ ಮುಂದೆ ಹೋದರೆ ಎಂಟು ಮೀಟರ್ ಮೇಲೆ. ತಿರುವುಗಳಿಗೆ ಕೆಳಗಿನಿಂದ 21, 20, 19 ಎಂದು ಇಳಿಯುವ ಸಂಖ್ಯೆ ಹಾಕಿ ಹಿಂದಿನ ವಿಜೇತರ ಹೆಸರು ಬರೆದಿದ್ದಾರೆ. ಇಷ್ಟು ಹತ್ತುವ ಮೊದಲು ಅದೇ ದಿನ ಇನ್ನೊಂದೆರಡು ಬೆಟ್ಟ ದಾಟಿ ಬಂದಿರುತ್ತಾರೆ.

ಎತ್ತರದ ಅಂದಾಜಿಗೆ ಮುಳ್ಳಯ್ಯನಗಿರಿಯನ್ನು ನೆನೆಯಿರಿ. ಅದೂ ಫ್ರಾನ್ಸಿನ ಮೊಂ ವಾಂತೂ ಬೆಟ್ಟವೂ 1,900 ಮೀಟರ್ ದಾಟಿದವು, ಎರಡರ ನೆತ್ತಿಯಲ್ಲೂ ಮರವಿಲ್ಲ, ಗಾಳಿಗೆ ತಡೆಯಿಲ್ಲ. ನಮ್ಮದು ಹುಲ್ಲಿನ ಹಸಿರು, ಅಲ್ಲಿನದು ಬಿಳಿ ಸುಣ್ಣಕಲ್ಲು. ಬೆದ್ವಾಂ ಊರಿನಿಂದ ವಾಂತೂ ತುದಿಗೆ 21 ಕಿ.ಮೀ. ಏರು.

ಮೂರು ವಾರ ಓಡಿದ ಮೇಲೂ ಸೆಕೆಂಡುಗಳಲ್ಲಿ ನಿರ್ಧಾರವಾಗುವುದು ನಿಜವೇ?

ನಿಜ. 1989ರ ಟೂರ್‌ನ ಕೊನೆಯ ದಿನ ಅಮೆರಿಕದ ಗ್ರೆಗ್ ಲೆಮಾಂಡ್ ಫ್ರಾನ್ಸಿನ ಲೋರಾಂ ಫಿನ್ಯೋಂಗಿಂತ 50 ಸೆಕೆಂಡ್ ಹಿಂದಿದ್ದ. ಉಳಿದಿದ್ದದ್ದು ವರ್ಸೈನಿಂದ ಪ್ಯಾರಿಸ್ಸಿಗೆ 24.5 ಕಿ.ಮೀ., ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಓಡುವ ಹಂತ. ಲೆಮಾಂಡ್ ಮುಂದಕ್ಕೆ ಚಾಚಿದ, ಆಗಷ್ಟೇ ಬಳಕೆಗೆ ಬಂದಿದ್ದ ಹ್ಯಾಂಡಲ್ ಹಾಕಿಕೊಂಡು ಮೈಯನ್ನು ಕಿರಿದಾಗಿಸಿದ. ಫಿನ್ಯೋಂ ತಲೆಗೆ ಏನೂ ಧರಿಸದೆ, ಜುಟ್ಟು ಗಾಳಿಗೆ ಬಿಟ್ಟು ಓಡಿದ. ಲೆಮಾಂಡ್ 58 ಸೆಕೆಂಡ್ ಗಳಿಸಿ ಇಡೀ ಟೂರ್ ಅನ್ನು 8 ಸೆಕೆಂಡುಗಳಿಂದ ಗೆದ್ದ. ಪುರುಷರ ಟೂರ್‌ನಲ್ಲಿ ಇಂದಿಗೂ ಅದೇ ಅತಿ ಚಿಕ್ಕ ಅಂತರ.

2020ರಲ್ಲೂ ಹೀಗೇ ಆಯಿತು. ಕೊನೆಯ ದಿನದ ಹಿಂದಿನ ದಿನ 57 ಸೆಕೆಂಡ್ ಮುಂದಿದ್ದ ಪ್ರಿಮೋಜ್ ರೊಗ್ಲಿಚ್‌ನಿಂದ ತದೇಯ್ ಪೊಗಾಚಾರ್ ಹಳದಿ ಅಂಗಿ ಕಿತ್ತುಕೊಂಡ. ಇಬ್ಬರೂ ಸ್ಲೊವೇನಿಯಾದವರು. ಓಟ ಮುಗಿದ ಮೇಲೆ ನೆಲದ ಮೇಲೆ ಕುಸಿದು ಕೂತಿದ್ದ ರೊಗ್ಲಿಚ್, ಎದ್ದು ಹೋಗಿ ಕಿರಿಯನನ್ನು ಅಪ್ಪಿಕೊಂಡ.

## ಮನಸ್ಸಿಗೆ ಹಚ್ಚಿಕೊಂಡವರು ಕೇಳುವುದು

ಇವರೆಲ್ಲ ಮದ್ದು ತೆಗೆದುಕೊಂಡು ಓಡುವವರಲ್ಲವೇ?

ಈ ಪ್ರಶ್ನೆಗೆ ಕಾರಣವಿದೆ, ಆದ್ದರಿಂದ ಕೇಳುವವರ ಮೇಲೆ ನನಗೆ ಬೇಸರವಿಲ್ಲ. 1998ರಲ್ಲಿ ಫೆಸ್ಟಿನಾ ತಂಡದ ಕಾರಿನಲ್ಲಿ ನಿಷೇಧಿತ ಔಷಧಗಳು ಸಿಕ್ಕಿ ಇಡೀ ಟೂರ್ ಅಲ್ಲಾಡಿತು. 1999ರಿಂದ 2005ರವರೆಗೆ ಸತತ ಏಳು ಬಾರಿ ಗೆದ್ದ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್‌ನ ಎಲ್ಲ ಪ್ರಶಸ್ತಿಗಳನ್ನೂ 2012ರಲ್ಲಿ ಹಿಂತೆಗೆದುಕೊಳ್ಳಲಾಯಿತು. ವಿಜೇತರ ಪಟ್ಟಿಯಲ್ಲಿ ಆ ಏಳು ವರ್ಷಗಳ ಎದುರು ಇಂದು ಯಾರ ಹೆಸರೂ ಇಲ್ಲ. 2008ರಿಂದ ಪ್ರತಿ ಸವಾರನ ರಕ್ತದ ಅಂಕಿಅಂಶಗಳನ್ನು ವರ್ಷಗಟ್ಟಲೆ ಕೂಡಿಟ್ಟು ಏರುಪೇರು ಹುಡುಕುವ ವ್ಯವಸ್ಥೆ ಬಂದಿದೆ.

ಮೋಸ ಪೂರ್ತಿ ನಿಂತಿದೆ ಎಂದು ನಾನು ಪ್ರಮಾಣ ಮಾಡಲಾರೆ. ಆದರೆ ತನ್ನ ಕೊಳೆಯನ್ನು ಇಷ್ಟು ಬಹಿರಂಗವಾಗಿ ತೊಳೆದ ಆಟಗಳು ಕಡಿಮೆ. ಖಾಲಿ ಬಿಟ್ಟ ಆ ಏಳು ಸಾಲುಗಳನ್ನು ಮಕ್ಕಳಿಗೆ ತೋರಿಸಿ, ಯಾಕೆ ಖಾಲಿ ಎಂದು ಹೇಳಿ.

ಅಷ್ಟು ವೇಗದಲ್ಲಿ ಬೀಳುವುದನ್ನು ನೋಡಲು ನನ್ನಿಂದಾಗುವುದಿಲ್ಲ. ನಿಮಗೆ ಹೇಗೆ ಆಗುತ್ತದೆ?

ನನಗೂ ಆಗುವುದಿಲ್ಲ. ಇಳಿಜಾರಿನಲ್ಲಿ ಮಳೆ ಬಂದರೆ ಅಮ್ಮ ಎದ್ದು ಒಳಗೆ ಹೋಗುತ್ತಾರೆ, ಎಲ್ಲರೂ ಕೆಳಗೆ ತಲುಪಿದ ಮೇಲೆ ಕರೆಯಲು ಹೇಳಿರುತ್ತಾರೆ. 1995ರಲ್ಲಿ ಪಿರನೀಸ್ ಬೆಟ್ಟದ ಇಳಿಜಾರಿನಲ್ಲಿ ಬಿದ್ದು ಇಟಲಿಯ ಫಾಬಿಯೊ ಕಸಾರ್ತೆಲ್ಲಿ ತೀರಿಕೊಂಡ. ಮರುದಿನ ಯಾರೂ ಸ್ಪರ್ಧಿಸಲಿಲ್ಲ. ಇಡೀ ಗುಂಪು ನಿಧಾನವಾಗಿ ಸಾಗಿ, ಗೆರೆ ಬಂದಾಗ ಅವನ ತಂಡದವರನ್ನು ಮುಂದೆ ಬಿಟ್ಟಿತು. 2003ರಲ್ಲಿ ಆಂದ್ರೇಯ್ ಕಿವಿಲೆವ್ ಸತ್ತ ಮೇಲೆ ಹೆಲ್ಮೆಟ್ ಕಡ್ಡಾಯವಾಯಿತು. 2023ರಲ್ಲಿ ಸ್ವಿಟ್ಜರ್ಲೆಂಡಿನ ಗಿನೊ ಮೇಡರ್ ತನ್ನ ನಾಡಿನ ರೇಸಿನಲ್ಲೇ ಜೀವ ಕಳೆದುಕೊಂಡ.

ಬಿದ್ದ ದೃಶ್ಯವನ್ನು ಮತ್ತೆ ಮತ್ತೆ ತೋರಿಸುವಾಗ ನಾನು ಟಿವಿಗೆ ಬೆನ್ನು ಹಾಕುತ್ತೇನೆ. ಅದನ್ನು ನೋಡದೆಯೂ ರೇಸ್ ಪೂರ್ತಿ ಅರ್ಥವಾಗುತ್ತದೆ.

ನಮ್ಮವರು ಯಾರಾದರೂ ಓಡಿದ್ದಾರೆಯೇ? ಮುಂದಾದರೂ ಓಡುತ್ತಾರೆಯೇ?

ಟೂರ್ ಡಿ ಫ್ರಾನ್ಸ್‌ನಲ್ಲಿ ಭಾರತೀಯರು ಇದುವರೆಗೆ ಓಡಿಲ್ಲ. ಆದರೆ ಇದು ದೊಡ್ಡ ದೇಶಗಳ ಆಟವಲ್ಲ ಎಂಬುದನ್ನು ಗಮನಿಸಿ. 2025ರವರೆಗೆ ನಾಲ್ಕು ಬಾರಿ ಟೂರ್ ಗೆದ್ದ ಪೊಗಾಚಾರ್‌ನ ಸ್ಲೊವೇನಿಯಾದ ಜನಸಂಖ್ಯೆ ಸುಮಾರು 21 ಲಕ್ಷ. 2011ರ ಗಣತಿಯಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆಯೊಂದರದ್ದೇ 17.5 ಲಕ್ಷ. ಆಫ್ರಿಕಾದ ಎರಿಟ್ರಿಯಾದಿಂದ ಬಂದ ಬಿನಿಯಮ್ ಗಿರ್ಮಾಯ್ 2024ರಲ್ಲಿ ಮೂರು ಹಂತ ಗೆದ್ದು ಹಸಿರು ಅಂಗಿಯನ್ನೂ ತೊಟ್ಟ. ಟೂರ್‌ನಲ್ಲಿ ಹಂತ ಗೆದ್ದ ಮೊದಲ ಕಪ್ಪು ಆಫ್ರಿಕನ್ ಅವನು.

ಕರ್ನಾಟಕದಲ್ಲಿ ವಿಜಯಪುರ, ಬಾಗಲಕೋಟೆ ಕಡೆಯ ಹಳ್ಳಿಗಳಿಂದ ರಾಷ್ಟ್ರಮಟ್ಟದ ಸವಾರರು ಬರುತ್ತಲೇ ಇದ್ದಾರೆ. ಹತ್ತುವ ರಸ್ತೆಗಳಿರುವುದು ನಮ್ಮ ಮಲೆನಾಡಿನಲ್ಲಿ. ಆ ಮಕ್ಕಳನ್ನು ಬೇಸಿಗೆಯಲ್ಲಿ ಇಲ್ಲಿ ಉಳಿಸಿಕೊಂಡು ಘಾಟಿ ಹತ್ತಿಸುವ ಏರ್ಪಾಡು ಆಗಬೇಕೆಂಬುದು ನನ್ನ ಬಹುಕಾಲದ ಆಸೆ.

ಫ್ರಾನ್ಸಿನ ಊರುಗಳ ಹೆಸರು ಕೇಳಿ ಕೇಳಿ ಪರಿಚಯವಾದಂತಿದೆ. ನಮಗೂ ಅವಕ್ಕೂ ಏನಾದರೂ ನಂಟಿದೆಯೇ?

ಒಂದು ಊರಿನ ನಂಟು ನಮ್ಮ ಪ್ರತಿ ತೋಟದಲ್ಲೂ ಇದೆ. ಕೊಳೆರೋಗಕ್ಕೆ ನಾವು ಹೊಡೆಯುವ ಬೋರ್ಡೋ ದ್ರಾವಣದ ಹೆಸರು ಫ್ರಾನ್ಸಿನ ಬೋರ್ಡೋ ನಗರದ್ದು. ಅಲ್ಲಿನ ದ್ರಾಕ್ಷಿ ಬೆಳೆಗಾರರು, ದಾರಿಹೋಕರು ಹಣ್ಣು ಕೀಳದಿರಲೆಂದು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಕಲಸಿ ಬಳಿಯುತ್ತಿದ್ದರು. ಸಸ್ಯವಿಜ್ಞಾನಿ ಮಿಲಾರ್ಡೆ ಆ ಬಳ್ಳಿಗಳಿಗೆ ಮಾತ್ರ ಬೂಜು ರೋಗ ತಗಲದ್ದನ್ನು ಕಂಡು, ಪ್ರಯೋಗ ಮಾಡಿ, 1885ರಲ್ಲಿ ಪ್ರಕಟಿಸಿದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆಯನ್ನು ಅಧ್ಯಯನ ಮಾಡಿ ಅದೇ ದ್ರಾವಣವನ್ನು ನಮ್ಮ ಬೆಳೆಗಾರರಿಗೆ ಪರಿಚಯಿಸಿದರು. ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ, ನೂರು ಲೀಟರ್ ನೀರು: ಈ ಅಳತೆ ಮಲೆನಾಡಿನ ಹುಡುಗರಿಗೆ ಮಗ್ಗಿಯಂತೆ ಬಾಯಿಗೆ ಬರುತ್ತದೆ.

1903ರ ಮೊದಲ ಟೂರ್‌ನ ಆರು ಹಂತಗಳಲ್ಲೇ ಬೋರ್ಡೋ ಇತ್ತು. ಒಂದು ಹಂತ ಅಲ್ಲಿ ಮುಗಿಯಿತು, ಮುಂದಿನದು ಅಲ್ಲಿಂದ ಹೊರಟಿತು. ಆಮೇಲೂ ರೇಸ್ ಎಷ್ಟೋ ಸಲ ಆ ಊರಿಗೆ ಹೋಗಿದೆ. ಪರದೆಯ ಮೇಲೆ ಆ ಹೆಸರು ಬಂದಾಗಲೆಲ್ಲ ನಮ್ಮ ತೋಟದ ಕೆಲಸಕ್ಕೆ ಬರುವವರಿಗೆ ಕರೆದು ತೋರಿಸುತ್ತೇನೆ.

ಎರಡನೆಯ ಔಷಧಿಯ ಕಾಲವೂ ಜುಲೈ ನಡುವೆಯೇ ಬರುತ್ತದೆ. ಕಳೆದ ಸಲ ಮಳೆ ಹೊಳವಾಗಿದ್ದು ಟೂರ್‌ನ ಎರಡನೆಯ ಶನಿವಾರ. ಬೆಳಿಗ್ಗೆ ಏಳಕ್ಕೆ ಡ್ರಮ್ಮಿನಲ್ಲಿ ಸುಣ್ಣ ಕದಡಿ, ಸಂಜೆ ಐದೂವರೆಗೆ ಕೊನೆಯ ಸಾಲಿನ ಮರ ಮುಗಿಸಿದೆವು. ಎಲ್ಲರೂ ಕೈಯ ನೀಲಿಯನ್ನು ತಿಕ್ಕಿ ತೊಳೆದುಕೊಂಡು ಜಗುಲಿಗೆ ಬಂದಾಗ ಇನ್ನೂ 110 ಕಿ.ಮೀ. ಉಳಿದಿತ್ತು.